ಟ್ಯಾಂಕಿನ ತಳದ ನೀರು ತೆಗೆಯದೆ ಬೋಟು ಕಟ್ಟಬಾರದು

ಮಳೆಗಾಲದ ಮೀನುಗಾರಿಕೆ ನಿಷೇಧಕ್ಕೆ ಮುನ್ನ ಬೋಟ್ ಮಾಲೀಕರು, ತಾಂಡೇಲರು ಮತ್ತು ಇಂಜಿನ್ ಡ್ರೈವರುಗಳ ಗಮನಕ್ಕೆ

ಒಂದು ಲೀಟರ್ ಡೀಸೆಲ್ ಸುಮಾರು 830 ಗ್ರಾಂ ತೂಗುತ್ತದೆ, ಒಂದು ಲೀಟರ್ ಸಮುದ್ರದ ನೀರು ಸುಮಾರು 1,025 ಗ್ರಾಂ. ಹಾಗಾಗಿ ಟ್ಯಾಂಕಿಗೆ ಹೇಗಾದರೂ ಸೇರಿದ ನೀರು ಡೀಸೆಲ್‌ನಡಿ ಇಳಿದು ತಳ ಹಿಡಿಯುತ್ತದೆ. ಇಂಜಿನ್‌ಗೆ ಹೋಗುವ ಪೈಪು ತಳಕ್ಕಿಂತ ಮೇಲಿರುವುದರಿಂದ ದಿನವೂ ಡೀಸೆಲ್ ಖರ್ಚಾಗುತ್ತದೆ, ನೀರು ಮಾತ್ರ ಅಲ್ಲೇ ಉಳಿದು ಹೆಚ್ಚುತ್ತಾ ಹೋಗುತ್ತದೆ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳು ದಕ್ಕೆಯಲ್ಲಿ ನಿಲ್ಲುತ್ತವೆ. ಮಂಗಳೂರು, ಮಲ್ಪೆ, ಗಂಗೊಳ್ಳಿ, ಕಾರವಾರ ಎಲ್ಲೇ ಆಗಲಿ, ಅರೆತುಂಬಿದ ಟ್ಯಾಂಕಿನೊಡನೆ ಮಳೆಗಾಲ ಕಳೆಯುವ ಬೋಟು ಆಗಸ್ಟಿನ ತೊಂದರೆಯನ್ನು ತಾನೇ ಸಾಕುತ್ತಿರುತ್ತದೆ. ಅಂಗಡಿಯ ಮದ್ದು ಇದಕ್ಕೆ ಪರಿಹಾರವಲ್ಲ. ನೀರನ್ನು ಹೊರತೆಗೆಯುವುದು, ಮತ್ತೆ ಒಳಬರದಂತೆ ತಡೆಯುವುದು, ಇವೆರಡೇ ಪರಿಹಾರ.

ನೀರು ಬರುವ ದಾರಿ

ಹೆಚ್ಚಿನ ನೀರು ಬರುವುದು ಡೆಕ್ಕಿನ ಮೇಲಿರುವ ಡೀಸೆಲ್ ತುಂಬುವ ಬಾಯಿಯಿಂದ. ಮುಚ್ಚಳದ ರಬ್ಬರ್ ರಿಂಗ್ ಬಿರುಕು ಬಿಟ್ಟಿದ್ದರೆ, ಡೆಕ್ ತೊಳೆದ ನೀರೂ ಮಳೆ ನೀರೂ ಅದರ ಸುತ್ತ ನಿಂತು ಒಳಗೆ ಜಿನುಗುತ್ತವೆ. ಎರಡನೆಯ ದಾರಿ ಟ್ಯಾಂಕಿನ ಗಾಳಿ ಪೈಪು. ಅದರ ಬಾಯಿ ಕೆಳಕ್ಕೆ ಬಾಗಿರದಿದ್ದರೆ ಅಲೆಯ ಎರಚಲು ನೇರ ಒಳಗಿಳಿಯುತ್ತದೆ. ಬ್ಯಾರಲ್ ಮತ್ತು ಕ್ಯಾನ್‌ಗಳಲ್ಲಿ ತರುವ ಡೀಸೆಲ್‌ನೊಡನೆ ಬರುವ ನೀರೂ ಕಡಿಮೆಯಲ್ಲ. ಕೊನೆಯದು ಗಾಳಿಯ ತೇವ. 30 ಡಿಗ್ರಿ ಶಾಖದಲ್ಲಿ ತೇವ ತುಂಬಿದ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 30 ಗ್ರಾಂ ನೀರಿರುತ್ತದೆ. ರಾತ್ರಿ ತಂಪಾದಾಗ ಅದರ ಒಂದು ಪಾಲು ಟ್ಯಾಂಕಿನ ಖಾಲಿ ಗೋಡೆಗಳ ಮೇಲೆ ಹನಿಗಟ್ಟಿ ಕೆಳಗಿಳಿಯುತ್ತದೆ. ಒಂದು ದಿನದ ಲೆಕ್ಕದಲ್ಲಿ ಇದು ಕೆಲವೇ ಹನಿ. ಆದರೆ ದಿನದಿನವೂ ಸೇರುತ್ತದೆ, ಸೂಕ್ಷ್ಮಜೀವಿಗಳಿಗೆ ಬೇಕಾದದ್ದೂ ಸ್ವಲ್ಪವೇ: ಒಂದು ಚದರ ಮೀಟರ್ ತಳದಲ್ಲಿ ಒಂದು ಮಿಲಿಮೀಟರ್ ನೀರು, ಎಂದರೆ ಒಂದು ಲೀಟರ್, ಅವುಗಳ ಸಂಸಾರ ಬೆಳೆಯಲು ಧಾರಾಳ.

ನೀರಿನಲ್ಲಿ ಬೆಳೆಯುವುದೇನು

ಡೀಸೆಲ್ ಮೇಲೆ, ನೀರು ಕೆಳಗೆ. ಇವೆರಡೂ ಕೂಡುವ ಗೆರೆಯಲ್ಲಿ ಬೂಷ್ಟು ಹುಟ್ಟುತ್ತದೆ. ಹಾರ್ಮೊಕೋನಿಸ್ ರೆಸಿನೆ ಎಂಬ ಶಿಲೀಂಧ್ರ ಇವುಗಳಲ್ಲಿ ಹೆಸರುವಾಸಿ. ಸೀಮೆಎಣ್ಣೆ ಮತ್ತು ವಿಮಾನದ ಇಂಧನದ ಟ್ಯಾಂಕುಗಳನ್ನೂ ಅದು ಬಿಟ್ಟಿಲ್ಲ. ಜೊತೆಗೆ ಹಲವು ಬಗೆಯ ಬ್ಯಾಕ್ಟೀರಿಯಾಗಳಿವೆ. ಇವು ನೀರಿನಲ್ಲಿ ವಾಸಿಸಿ ಡೀಸೆಲನ್ನು ಆಹಾರ ಮಾಡಿಕೊಳ್ಳುತ್ತವೆ. ನೀರಿಲ್ಲದ ಡೀಸೆಲ್‌ನಲ್ಲಿ ಇವುಗಳ ಬೀಜಕಣ ಇದ್ದರೂ ಬೆಳೆಯಲಾರದು. ಕರಾವಳಿಯ ಮಳೆಗಾಲದ ಬೆಚ್ಚನೆಯ ಹವೆ ಇವುಗಳಿಗೆ ಹೇಳಿ ಮಾಡಿಸಿದಂತಿದೆ.

ಒಳಬಂದದ್ದು ಉಪ್ಪುನೀರಾದರೆ ಕೇಡು ಇನ್ನೂ ಹೆಚ್ಚು. ಸಮುದ್ರದ ನೀರಿನಲ್ಲಿ ಲೀಟರಿಗೆ ಎರಡೂವರೆ ಗ್ರಾಂಗಿಂತ ಹೆಚ್ಚು ಸಲ್ಫೇಟ್ ಇರುತ್ತದೆ. ಬೂಷ್ಟಿನ ಲೋಳೆಯ ಅಡಿಯಲ್ಲಿ, ಆಮ್ಲಜನಕ ತಲುಪದ ಜಾಗದಲ್ಲಿ, ಕೆಲವು ಬ್ಯಾಕ್ಟೀರಿಯಾ ಅದನ್ನು ಹೈಡ್ರೋಜನ್ ಸಲ್ಫೈಡ್ ಆಗಿ ಮಾರ್ಪಡಿಸುತ್ತವೆ. ಕೊಳೆತ ಮೊಟ್ಟೆಯ ನಾತ ಅದರದೇ. ಈ ಅನಿಲವೂ ಸೂಕ್ಷ್ಮಜೀವಿಗಳು ಬಿಡುವ ಆಮ್ಲಗಳೂ ಸೇರಿ ಕಬ್ಬಿಣದ ಟ್ಯಾಂಕಿನ ತಳವನ್ನು ಚುಕ್ಕೆಚುಕ್ಕೆಯಾಗಿ ತಿನ್ನುತ್ತವೆ.

ಕಡಲಲ್ಲಿ ಆಗುವುದೇನು

ದಕ್ಕೆಯಲ್ಲಿ ಚೆನ್ನಾಗಿ ಓಡಿದ ಇಂಜಿನ್ ಕಡಲೆದ್ದಾಗಲೇ ನಿಲ್ಲುವುದಕ್ಕೆ ಮುಖ್ಯ ಕಾರಣಗಳಲ್ಲಿ ಈ ನೀರು ಮತ್ತು ಬೂಷ್ಟೂ ಒಂದು. ಬೋಟು ಅಲುಗದಿದ್ದಾಗ ಗಸಿ ತಳದಲ್ಲಿ ಕೂತಿರುತ್ತದೆ. ಬೋಟು ಹೊಯ್ದಾಡಿದಾಗ ಗಸಿ, ಲೋಳೆ, ನೀರು ಎಲ್ಲ ಕದಡಿ ಒಮ್ಮೆಗೇ ಫಿಲ್ಟರಿಗೆ ನುಗ್ಗುತ್ತವೆ. ಮೊದಲು ಆರ್‌ಪಿಎಂ ಇಳಿಯುತ್ತದೆ, ಆಮೇಲೆ ಇಂಜಿನ್ ನಿಲ್ಲುತ್ತದೆ. ಬಲೆ ನೀರಿನಲ್ಲಿರುವಾಗ ಹೀಗಾದರೆ ಬಲೆ ಪ್ರೊಪೆಲ್ಲರಿಗೆ ಸುತ್ತಿಕೊಳ್ಳಬಹುದು. ಅಳಿವೆ ಬಾಗಿಲು ದಾಟುವಾಗ ಆದರೆ ಬೋಟು ಅಲೆಗೆ ಅಡ್ಡ ತಿರುಗುತ್ತದೆ, ಜೀವಕ್ಕೇ ಸಂಚಕಾರ. ಫಿಲ್ಟರ್ ದಾಟಿಹೋದ ನೀರು ಡೀಸೆಲ್ ಪಂಪಿಗೆ ತುಕ್ಕು ತರುತ್ತದೆ. ಇಂಜೆಕ್ಟರಿನ ಬಿಸಿ ಮೂತಿಯಲ್ಲಿ ಆವಿಯಾಗಿ ಸಿಡಿದು ನಾಜಲನ್ನು ಹಾಳುಮಾಡುತ್ತದೆ.

ಪತ್ತೆ ಹಚ್ಚುವುದು ಸುಲಭ

ಬೋಟು ಒಂದು ರಾತ್ರಿ ಅಲುಗದೆ ನಿಂತ ಮೇಲೆ ಟ್ಯಾಂಕಿನ ತಳದ ಡ್ರೈನ್ ವಾಲ್ವ್‌ನಿಂದ ಬಣ್ಣವಿಲ್ಲದ ಗಾಜಿನ ಬಾಟಲಿಗೆ ಅರ್ಧ ಲೀಟರ್ ಹಿಡಿಯಬೇಕು. ಒಂದು ಗಂಟೆ ಬಿಟ್ಟು ಬೆಳಕಿಗೆ ಹಿಡಿದು ನೋಡಿದರೆ ಎಲ್ಲ ತಿಳಿಯುತ್ತದೆ. ಒಳ್ಳೆಯ ಡೀಸೆಲ್ ತಿಳಿಯಾಗಿ ಹೊಳೆಯುತ್ತದೆ. ಮಬ್ಬಾಗಿದ್ದರೆ ನೀರು ಅದರಲ್ಲಿ ಬೆರೆತಿದೆ. ತಳದಲ್ಲಿ ಬೇರೆ ಪದರ ಕಂಡರೆ ಅದು ನೀರು. ಎರಡು ಪದರಗಳ ನಡುವೆ ಕಂದು ಅಥವಾ ಕಪ್ಪು ಪೊರೆ, ದಾರದಂಥ ಲೋಳೆ ತೇಲಿದರೆ ಅದು ಬೂಷ್ಟು. ಡ್ರೈನ್ ವಾಲ್ವ್ ಇಲ್ಲದ ಟ್ಯಾಂಕಿನಲ್ಲಿ ಅಳತೆ ಕೋಲಿನ ತುದಿಗೆ ನೀರು ಪತ್ತೆಯ ಪೇಸ್ಟ್ ಹಚ್ಚಿ ತಳ ಮುಟ್ಟಿಸಬಹುದು. ನೀರು ತಾಗಿದಷ್ಟೂ ಬಣ್ಣ ಬದಲಾಗುತ್ತದೆ. ಪೆಟ್ರೋಲ್ ಬಂಕುಗಳಲ್ಲಿ ಬಳಸುವುದೂ ಇದನ್ನೇ.

ಮೇ ಕೊನೆಯ ಕೆಲಸ

ಮೊದಲು ತಳದ ನೀರನ್ನು ಶುದ್ಧ ಡೀಸೆಲ್ ಬರುವವರೆಗೆ ಹರಿಸಿ ತೆಗೆಯಬೇಕು. ಆಮೇಲೆ ಎರಡರಲ್ಲಿ ಒಂದು: ಡೀಸೆಲ್ ಹಿಗ್ಗಲು ಸ್ವಲ್ಪ ಜಾಗ ಬಿಟ್ಟು ಟ್ಯಾಂಕ್ ತುಂಬಿಸುವುದು, ಇಲ್ಲವೇ ಪೂರ್ತಿ ಬರಿದು ಮಾಡಿ ಒರೆಸಿ ಒಣಗಿಸಿ ಮುಚ್ಚುವುದು. ತುಂಬಿಸಲು ಹಣವಿಲ್ಲದವರಿಗೆ, ಕಳವಿನ ಭಯವಿರುವವರಿಗೆ ಎರಡನೆಯದೇ ಸರಿ. ಅರ್ಧಕ್ಕೆ ಬಿಡುವುದು ಮಾತ್ರ ಬೇಡ. ಮುಚ್ಚಳದ ರಬ್ಬರ್ ರಿಂಗನ್ನು ವರ್ಷವರ್ಷ ಬದಲಿಸಬೇಕು. ಆಗಸ್ಟಿನಲ್ಲಿ ಹೊರಡುವ ಮುನ್ನ ಮತ್ತೆ ನೀರು ತೆಗೆದು ಹೊಸ ಫಿಲ್ಟರ್ ಹಾಕಬೇಕು, ಇನ್ನೂ ಎರಡು ಫಿಲ್ಟರನ್ನು ಬೋಟಿನಲ್ಲಿ ಇಟ್ಟುಕೊಳ್ಳಬೇಕು. ಮೀನುಗಾರಿಕೆಯ ದಿನಗಳಲ್ಲಿ ಪ್ರತಿ ಸಲ ಡೀಸೆಲ್ ತುಂಬುವ ಮುಂಚೆ ಟ್ಯಾಂಕಿನಿಂದಲೂ ನೀರು ಬೇರ್ಪಡಿಸುವ ಫಿಲ್ಟರಿನ ಬಟ್ಟಲಿನಿಂದಲೂ ನೀರು ಬಿಡಬೇಕು.

ಬೂಷ್ಟು ಗೋಡೆಗಂಟಿದ್ದರೆ ಟ್ಯಾಂಕ್ ಬಿಚ್ಚಿ ಉಜ್ಜಿ ತೊಳೆಯದೆ ಗತಿಯಿಲ್ಲ. ಗಾಳಿಯಾಡಿಸದೆ, ಹೊರಗೊಬ್ಬ ಕಾವಲಿಲ್ಲದೆ ಯಾರೂ ಟ್ಯಾಂಕಿನೊಳಗೆ ಇಳಿಯಬಾರದು, ತಲೆಯನ್ನೂ ತೂರಿಸಬಾರದು. ಒಳಗಿನ ಅನಿಲ ನಿಮಿಷದಲ್ಲಿ ಪ್ರಜ್ಞೆ ತಪ್ಪಿಸಬಲ್ಲದು. ಬೀಡಿ, ವೆಲ್ಡಿಂಗ್ ಹತ್ತಿರ ಸುಳಿಯಬಾರದು.

ಮದ್ದಿನ ಮಿತಿ

ಸೂಕ್ಷ್ಮಜೀವಿನಾಶಕ ಮದ್ದು ಬೂಷ್ಟನ್ನು ಕೊಲ್ಲುತ್ತದೆ, ಆದರೆ ಹೊರಹಾಕುವುದಿಲ್ಲ. ಸತ್ತ ಬೂಷ್ಟು ಕಳಚಿ ಬಂದು ಫಿಲ್ಟರನ್ನೇ ಕಟ್ಟುತ್ತದೆ. ಆದ್ದರಿಂದ ಮೊದಲು ನೀರು ಮತ್ತು ಗಸಿ ತೆಗೆದು, ಆಮೇಲೆ ಡಬ್ಬಿಯ ಮೇಲಿನ ಅಳತೆಯಂತೆ, ಕೈಗವಸು ಹಾಕಿಕೊಂಡು ಬಳಸಬೇಕು. ನೀರು ಹೀರಲೆಂದು ಸ್ಪಿರಿಟ್ ಅಥವಾ ಪೆಟ್ರೋಲ್ ಬೆರೆಸುವುದು ಬೆಂಕಿಗೆ ಆಹ್ವಾನ. ಬೂಷ್ಟು ಕೊಲ್ಲಲೆಂದು ಬ್ಲೀಚಿಂಗ್ ಪೌಡರ್ ಹಾಕುವುದೂ ಬೇಡ, ಅದು ಲೋಹವನ್ನು ತಿನ್ನುತ್ತದೆ.

ಬಂದರಿನ ಹೊಣೆ

ಮಾಲೀಕರೊಬ್ಬರ ಎಚ್ಚರದಿಂದ ಕೆಲಸ ಮುಗಿಯದು. ಬೋಟುಗಳಿಗೆ ಡೀಸೆಲ್ ಕೊಡುವ ಬಂಕುಗಳು ತಮ್ಮ ಟ್ಯಾಂಕಿನ ತಳವನ್ನು ದಿನಾ ಬೆಳಿಗ್ಗೆ ಪೇಸ್ಟ್‌ನಿಂದ ಪರೀಕ್ಷಿಸಿ, ಫಲಿತಾಂಶವನ್ನು ಮೀನುಗಾರರ ಕಣ್ಣಿಗೆ ಬೀಳುವಂತೆ ಬರೆಯಬೇಕು. ತೆಗೆದ ಕೊಳಕು ನೀರಿನಲ್ಲಿ ಡೀಸೆಲ್ ಇರುತ್ತದೆ, ಕೆಲವೊಮ್ಮೆ ಮದ್ದಿನ ವಿಷವೂ ಇರುತ್ತದೆ. ಅದನ್ನು ಹೊಳೆಗೆ ಚೆಲ್ಲಿದರೆ ಕೆಡುವುದು ಮೀನು ಮರಿಯಾಗುವ ಅಳಿವೆಯೇ. ಆದ್ದರಿಂದ ಪ್ರತಿ ದಕ್ಕೆಯಲ್ಲೂ ಮೇ ತಿಂಗಳೊಳಗೆ ಈ ಕೊಳಕು ನೀರು ಸುರಿಯಲು ಮುಚ್ಚಳವಿರುವ ಬ್ಯಾರಲ್ ಇಡಬೇಕು, ತುಂಬಿದ್ದನ್ನು ಸಾಗಿಸುವ ವ್ಯವಸ್ಥೆಯೂ ಆಗಬೇಕು. ಇದನ್ನು ಬಂದರು ಆಡಳಿತದಿಂದ ಕೇಳಿ ಪಡೆಯುವುದು ಮೀನುಗಾರ ಸಂಘಗಳ ಕೆಲಸ.