ಎದೆಯ ಎಕ್ಸರೇ: ಹೇಳುವುದೆಷ್ಟು, ಹೇಳದಿರುವುದೆಷ್ಟು

2021ರ ಬೇಸಿಗೆಯಲ್ಲಿ ಕೊರೋನಾದ ಎರಡನೆಯ ಅಲೆ ನಮ್ಮ ಹಳ್ಳಿಗಳನ್ನು ಹೊಕ್ಕಾಗ ಕುಶಲ ಕೇಳುವ ರೀತಿಯೇ ಬದಲಾಗಿತ್ತು. ‘ಸ್ಕೋರ್ ಎಷ್ಟು ಬಂದಿದೆ?’ ಎಂಬುದೇ ಮೊದಲ ಪ್ರಶ್ನೆ. ಇಪ್ಪತ್ತೈದಕ್ಕೆ ಇಷ್ಟು ಎಂಬ ಸಿ.ಟಿ. ಸ್ಕ್ಯಾನಿನ ಅಂಕಕ್ಕಾಗಿ, ಜ್ವರದಿಂದ ಬಳಲಿದವರನ್ನು ದೂರದ ನಗರಗಳಿಗೆ ಕರೆದೊಯ್ದವರು ಅನೇಕರು. ಆ ಅವಸರದಲ್ಲಿ ತಾಲ್ಲೂಕು ಆಸ್ಪತ್ರೆಯ ಸಾಧಾರಣ ಎಕ್ಸರೇ ಕಡೆಗಣನೆಗೆ ಗುರಿಯಾಯಿತು. ಅದು ತಪ್ಪೆಂದೇ ನನ್ನ ಅಭಿಪ್ರಾಯ.

ವೈರಾಣುವಿನಿಂದ ನ್ಯುಮೋನಿಯಾ ಬಂದಾಗ ಶ್ವಾಸಕೋಶದ ಗಾಳಿಗೂಡುಗಳಲ್ಲಿ ಉರಿಯೂತವುಂಟಾಗಿ ದ್ರವ ತುಂಬುತ್ತದೆ. ಗಾಳಿಯಿರುವೆಡೆ ಚಿತ್ರದಲ್ಲಿ ಕಪ್ಪಾಗಿ, ದ್ರವವಿರುವೆಡೆ ಬೆಳ್ಳಗೆ ಕಾಣುತ್ತದೆ. ಆ ಬಿಳುಪು ಎಷ್ಟು ಹರಡಿದೆ, ಎಷ್ಟು ದಟ್ಟವಾಗಿದೆ ಎಂಬುದರಿಂದ ವೈದ್ಯರು ರೋಗದ ತೀವ್ರತೆಯನ್ನು ಅಳೆಯುತ್ತಾರೆ. 2020ರಲ್ಲಿ ಇಟಲಿಯ ಬ್ರೆಶಾ ನಗರದ ವೈದ್ಯರು ಇದಕ್ಕೊಂದು ಸರಳ ಕ್ರಮವನ್ನು ರೂಪಿಸಿದರು. ಎರಡೂ ಶ್ವಾಸಕೋಶಗಳನ್ನು ಆರು ವಲಯಗಳಾಗಿ ವಿಂಗಡಿಸಿ ಒಂದೊಂದಕ್ಕೂ 0ಯಿಂದ 3ರವರೆಗೆ ಅಂಕ, ಗರಿಷ್ಠ 18. ಎಕ್ಸರೇ ಯಂತ್ರವನ್ನು ರೋಗಿಯ ಹಾಸಿಗೆಯ ಬಳಿಗೇ ತರಬಹುದು. ವಿಕಿರಣವು ಸಿ.ಟಿ.ಗಿಂತ ಬಹಳ ಕಡಿಮೆಯಾದ್ದರಿಂದ ಅಗತ್ಯವಿದ್ದರೆ ಮತ್ತೆ ತೆಗೆದು ಹೋಲಿಸಲೂಬಹುದು. ಒಂದೇ ಚಿತ್ರಕ್ಕಿಂತ ಈ ಹೋಲಿಕೆಯೇ ಹೆಚ್ಚು ಬೆಲೆಯುಳ್ಳದ್ದು. ಹಳೆಯ ಫಿಲ್ಮನ್ನು ಅಟ್ಟದ ಮೇಲೆಸೆಯದೆ ಜೊತೆಯಲ್ಲಿ ಒಯ್ಯಬೇಕು.

ಆದರೆ ಎಕ್ಸರೇಗೂ ಮಿತಿಯುಂಟು. ಕಾಯಿಲೆಯ ಮೊದಲ ದಿನಗಳಲ್ಲಿ ಚಿತ್ರವು ನಿರ್ಮಲವಾಗಿಯೇ ಇರಬಹುದು. ‘ಎಕ್ಸರೇಯಲ್ಲಿ ಏನೂ ಇಲ್ಲ’ ಎಂಬ ಮಾತನ್ನು ನಂಬಿ, ಏದುಸಿರು ಬಿಡುತ್ತಿರುವ ಹಿರಿಯರನ್ನು ಮನೆಯಲ್ಲಿಯೇ ಉಳಿಸಿಕೊಳ್ಳುವುದು ಅಂಕದ ಹಿಂದೆ ಓಡುವುದಕ್ಕಿಂತಲೂ ಅಪಾಯಕರ. ಗುಣಮುಖರಾದ ಬಳಿಕವೂ ಬಿಳುಪು ಕೆಲವು ವಾರ ಉಳಿದೀತು. ಅದನ್ನು ಕಂಡು ಗಾಬರಿಯಾಗಬೇಕಿಲ್ಲ. ಹೃದಯದ ದೌರ್ಬಲ್ಯದಿಂದ ನೀರು ತುಂಬಿದಾಗಲೂ ಚಿತ್ರ ಬೆಳ್ಳಗಾಗುವುದರಿಂದ, ಫಿಲ್ಮಿನೊಡನೆ ರೋಗಿಯನ್ನೂ ವೈದ್ಯರು ನೋಡಲೇಬೇಕು. ಫಿಲ್ಮಿನ ಫೋಟೋವನ್ನು ಮೊಬೈಲಿನಲ್ಲಿ ಕಳುಹಿಸಿ ಔಷಧ ಕೇಳುವ ಪರಿಪಾಠ ನನಗಂತೂ ಒಪ್ಪಿಗೆಯಿಲ್ಲ.

ಮನೆಯಲ್ಲಿ ನೋಡಬೇಕಾದುದು ಉಸಿರನ್ನು. ಪೂಜೆಗೆ ಕುಳಿತು ಉಸಿರಿನ ಗತಿಯನ್ನು ಗಮನಿಸುವ ಅಭ್ಯಾಸವುಳ್ಳ ನಮಗೆ ಇದು ಹೊಸತಲ್ಲ. ಜ್ವರ, ಕೆಮ್ಮು ಇರುವ ವಯಸ್ಕರು ಸುಮ್ಮನೆ ಕುಳಿತಿದ್ದಾಗಲೂ ನಿಮಿಷಕ್ಕೆ 24 ಅಥವಾ ಹೆಚ್ಚು ಬಾರಿ ಉಸಿರಾಡುತ್ತಿದ್ದರೆ, ಇಲ್ಲವೆ ಬೆರಳಿಗೆ ಹಾಕುವ ಆಕ್ಸಿಮೀಟರಿನಲ್ಲಿ ಆಮ್ಲಜನಕದ ಪ್ರಮಾಣ 94ಕ್ಕಿಂತ ಇಳಿದಿದ್ದರೆ, ಚಿತ್ರವೇನೇ ಹೇಳಲಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಇನ್ನೊಂದು ಸಂಗತಿ ನಮಗೇ ಸಂಬಂಧಿಸಿದ್ದು. ಎದೆಯ ಮೇಲಿನ ಬೆಳ್ಳಿಯ ಕರಡಿಗೆಯ ನೆರಳು ಚಿತ್ರದಲ್ಲಿ ಅಚ್ಚ ಬಿಳಿಯಾಗಿ ಬಿದ್ದು ಹಿಂದಿನ ಭಾಗವನ್ನು ಮರೆಮಾಡುತ್ತದೆ. ಇಷ್ಟಲಿಂಗವನ್ನು ಅಂಗದಿಂದ ಅಗಲಿಸಲೊಲ್ಲದೆ ಹಿರಿಯರು ತೊಳಲಾಡುವುದು ಸಹಜ. ಆ ಕ್ಷಣದಲ್ಲಿ ಕರಡಿಗೆಯನ್ನು ಎದೆಯಿಂದ ಸರಿಸಿ ಅಂಗೈಯಲ್ಲಿ ಹಿಡಿದುಕೊಂಡರೆ ಅಗಲಿಕೆಯೂ ಇಲ್ಲ, ಚಿತ್ರವೂ ನಿಚ್ಚಳ. ಎಕ್ಸರೇ ತೆಗೆಯುವವರಿಗೆ ಇದನ್ನು ಮೊದಲೇ ತಿಳಿಸಿದರೆ ಕೈ ಎಲ್ಲಿಡಬೇಕೆಂದು ಅವರೇ ತೋರಿಸಿಕೊಡುತ್ತಾರೆ.