ಸಲೈನ್ ಬಾಟಲಿಗೆ ನೀಲಿ ರಕ್ತದ ಕಾವಲು

ಮಾನವಿ, ದೇವದುರ್ಗಗಳ ತಾಲ್ಲೂಕು ಆಸ್ಪತ್ರೆಯಲ್ಲಾಗಲಿ, ರಾಯಚೂರಿನ ದೊಡ್ಡ ಆಸ್ಪತ್ರೆಯಲ್ಲಾಗಲಿ, ರೋಗಿಗೆ ‘ಸಲೈನ್ ಹಚ್ಚಿದರು’ ಎಂಬ ಮಾತು ಕಿವಿಗೆ ಬಿದ್ದೊಡನೆ ಹೊರಗೆ ಕುಳಿತ ಮನೆಯವರಿಗೆ ಅರ್ಧ ಧೈರ್ಯ ಬರುತ್ತದೆ. ಹನಿಹನಿಯಾಗಿ ಇಳಿಯುವ ಆ ತಿಳಿನೀರು ನಿರಪಾಯವೆಂದು ಹೇಳಿದವರಾರು ಎಂದು ಯಾರೂ ಕೇಳುವುದಿಲ್ಲ. ಕೇಳಿದ್ದೇ ಆದರೆ ಉತ್ತರ ವಿಚಿತ್ರವಾಗಿದೆ. ಕಡಲ ಕೆಸರಿನಲ್ಲಿ ತೆವಳುವ, ಕೃಷ್ಣಾ ತುಂಗಭದ್ರೆಗಳ ನಡುವಿನ ಈ ಜನ ಕಂಡರಿಯದ, ಒಂದು ಪ್ರಾಣಿಯ ರಕ್ತವೇ ಬಹುಕಾಲದಿಂದ ಆ ಸಾಕ್ಷ್ಯವನ್ನು ನುಡಿಯುತ್ತ ಬಂದಿದೆ.

ಬೆನ್ನಿನ ಚಿಪ್ಪು ಕುದುರೆಯ ಲಾಳದಂತಿರುವುದರಿಂದ ಅದಕ್ಕೆ ಲಾಳದ ಏಡಿಯೆಂದು ಹೆಸರು. ಹೆಸರು ಏಡಿಯದಾದರೂ ಕುಲ ಏಡಿಯದಲ್ಲ. ಅದು ಚೇಳು, ಜೇಡಗಳ ದಾಯಾದಿ. ಹಾಗೆ ನೋಡಿದರೆ ರಾಯಚೂರು ಸೀಮೆಗೆ ಅದು ತೀರ ಪರಕೀಯವೂ ಅಲ್ಲ. ಬಿಸಿಲಿಗೆ ಕಾದ ಬಂಡೆಗಳ ಈ ನಾಡಿನಲ್ಲಿ ಚೇಳಿನ ಪರಿಚಯವಿಲ್ಲದವರುಂಟೆ? ನೆರೆಯ ಯಾದಗಿರಿ ಜಿಲ್ಲೆಯ ಕಂದಕೂರಿನ ಗುಡ್ಡದಲ್ಲಂತೂ ನಾಗರ ಪಂಚಮಿಯಂದು ಕಲ್ಲುಗಳಡಿಯ ಚೇಳುಗಳನ್ನು ಮಕ್ಕಳು ಸಹ ಅಂಗೈಯ ಮೇಲೆ ಆಡಿಸುತ್ತಾರೆ. ಆ ದಿನ ಅವು ಕುಟುಕುವುದಿಲ್ಲವೆಂಬುದು ಭಕ್ತರ ನಂಬಿಕೆ. ಉಳಿದವರು ಪರೀಕ್ಷಿಸಲು ಹೋಗದಿರುವುದು ಲೇಸು. ಕಡಲಿನ ಈ ದಾಯಾದಿಗೆ ಮಾತ್ರ ಕೊಂಡಿಯೂ ಇಲ್ಲ, ವಿಷವೂ ಇಲ್ಲ. ಅದರ ಉದ್ದನೆಯ ಬಾಲವು ಅಂಗಾತ ಬಿದ್ದಾಗ ಮಗುಚಿಕೊಳ್ಳುವುದಕ್ಕೆ ಒದಗುವ ಊರುಗೋಲು, ಅಷ್ಟೆ. ಅದರ ವಂಶಕ್ಕೆ 44 ಕೋಟಿ ವರ್ಷಗಳ ಇತಿಹಾಸವಿದೆ. ಕಬ್ಬಿಣದ ಬದಲು ತಾಮ್ರ ಬೆರೆತ ಅದರ ರಕ್ತ ಗಾಳಿ ಸೋಕಿದರೆ ನೀಲಿಯಾಗುತ್ತದೆ.

1956ರಲ್ಲಿ ಅಮೆರಿಕದ ವುಡ್ಸ್ ಹೋಲ್ ಎಂಬ ಕಡಲತೀರದ ಊರಿನಲ್ಲಿ ಸಂಶೋಧನೆ ನಡೆಸುತ್ತಿದ್ದ ಫ್ರೆಡರಿಕ್ ಬ್ಯಾಂಗ್ ಎಂಬ ವಿಜ್ಞಾನಿ, ಕೆಲವು ಬಗೆಯ ಬ್ಯಾಕ್ಟೀರಿಯಾ ತಗುಲಿದರೆ ಈ ರಕ್ತ ಹೆಪ್ಪುಗಟ್ಟುವುದನ್ನು ಪ್ರಕಟಿಸಿದನು. ಮುಂದೆ ಜ್ಯಾಕ್ ಲೆವಿನ್ ಎಂಬ ವೈದ್ಯನೊಡಗೂಡಿ ಅದರ ಮರ್ಮವನ್ನು ಬಿಡಿಸಿದನು. ನೀರನ್ನು ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ. ಅದರ ಗೋಡೆಯಲ್ಲಿದ್ದ ಎಂಡೋಟಾಕ್ಸಿನ್ ಎಂಬ ನಂಜು ಹಾಗೆಯೇ ಉಳಿಯುತ್ತದೆ. ಬಾಯಿಂದ ಹೋದರೆ ಹೊಟ್ಟೆ ಅದನ್ನು ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ. ಸಿರೆಗಿಳಿಯಿತೋ, ಚಳಿಜ್ವರ ಬಂದು, ರಕ್ತದೊತ್ತಡ ಕುಸಿದು, ಪ್ರಾಣಕ್ಕೇ ಮುಳುವಾಗಬಹುದು. ಹಿಂದೆಲ್ಲ ಔಷಧವನ್ನು ಮೊಲದ ಕಿವಿಯ ಸಿರೆಗೆ ಚುಚ್ಚಿ, ಜ್ವರ ಬರುವುದೇ ಎಂದು ಗಂಟೆಗಟ್ಟಲೆ ಕಾಯಬೇಕಾಗಿತ್ತು. ಲಾಳದ ಏಡಿಯ ರಕ್ತಕಣಗಳ ಸಾರವಾದರೋ ನಂಜಿನ ಲವಲೇಶವಿದ್ದರೂ ಗಟ್ಟಿಯಾಗಿ ಗುಟ್ಟನ್ನು ಹೊರಗೆಡಹುತ್ತದೆ. 1977ರಲ್ಲಿ ಅಮೆರಿಕದ ಸರ್ಕಾರ ಮೊಲದ ಬದಲು ಇದನ್ನು ಒಪ್ಪಿತು; ಕ್ರಮೇಣ ಲೋಕವೇ ಒಪ್ಪಿತು.

ಇದನ್ನು ಪ್ರಯೋಗಶಾಲೆಯವರ ತಲೆನೋವೆಂದು ಬಿಟ್ಟುಬಿಡುವಂತಿಲ್ಲ. ಪಕ್ಕದ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ 2024ರ ನವೆಂಬರಿನಲ್ಲಿ ಶಸ್ತ್ರಕ್ರಿಯೆಯಿಂದ ಹೆರಿಗೆಯಾದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅವರ ಸಿರೆಗೆ ಹರಿಸಿದ ರಿಂಗರ್ ಲ್ಯಾಕ್ಟೇಟ್ ದ್ರವದ ಮೇಲೆಯೇ ಸಂಶಯ ಬಿದ್ದು, ಆ ತಯಾರಕರ ದ್ರವದ ಬಳಕೆಯನ್ನು ರಾಜ್ಯದಲ್ಲಿ ತಡೆಹಿಡಿಯಲಾಯಿತು. ತೊಟ್ಟಿಲು ಕಟ್ಟಬೇಕಾದ ಮನೆಗಳಿಗೆ ತಾಯಿಲ್ಲದ ಕೂಸುಗಳು ಬಂದವು. ಬಾಟಲಿ ಕಾರ್ಖಾನೆ ಬಿಡುವ ಮುನ್ನ ನಡೆಯುವ ಪರೀಕ್ಷೆ ಎಷ್ಟು ಕಟ್ಟುನಿಟ್ಟಾಗಿರಬೇಕೆಂಬುದು ಅಂದು ಮನೆಮನೆಯ ಮಾತಾಯಿತು.

ಈ ಕಾವಲಿಗೆ ಏಡಿ ತೆರುವ ಬೆಲೆಯೂ ಅಲ್ಪವಲ್ಲ. ಅಮೆರಿಕದ ಪೂರ್ವತೀರದಲ್ಲಿ ಪ್ರತಿವರ್ಷ ಲಕ್ಷಗಟ್ಟಲೆ ಏಡಿಗಳನ್ನು ಹಿಡಿದು, ಹೃದಯದ ಬಳಿ ಸೂಜಿ ಚುಚ್ಚಿ, ಸುಮಾರು ಮೂರರಲ್ಲೊಂದು ಪಾಲು ರಕ್ತವನ್ನು ಬಸಿದು, ಮತ್ತೆ ಕಡಲಿಗೆ ಬಿಡುತ್ತಾರೆ. ಹೀಗೆ ಬಿಟ್ಟವುಗಳಲ್ಲಿ ನೂರಕ್ಕೆ ಹದಿನೈದರಷ್ಟು ಸಾಯುತ್ತವೆಂದು ಅಲ್ಲಿನ ಮೀನುಗಾರಿಕೆಯ ಅಧಿಕಾರಿಗಳ ಅಂದಾಜು. ಮೊದಲು ಅದೇ ಪ್ರಾಣಿಯನ್ನು ಪುಡಿಮಾಡಿ ಹೊಲಕ್ಕೆ ಗೊಬ್ಬರವಾಗಿ ಚೆಲ್ಲಿದ್ದೂ ಉಂಟು, ಮೀನಿನ ಬಲೆಗೆ ಎರೆ ಮಾಡಿದ್ದೂ ಉಂಟು. ಡೆಲವೇರ್ ಕೊಲ್ಲಿಯಲ್ಲಿ ಏಡಿ ಕಡಮೆಯಾದಂತೆ, ದಕ್ಷಿಣ ಅಮೆರಿಕದಿಂದ ಧ್ರುವಪ್ರದೇಶಕ್ಕೆ ಹಾರುವ ದಾರಿಯಲ್ಲಿ ಅದರ ಮೊಟ್ಟೆಗಳನ್ನೇ ಬುತ್ತಿಯಾಗಿ ನಂಬಿದ ಕೆಂಪು ನಾಟ್ ಹಕ್ಕಿಯ ಸಂತತಿಯೂ ಕುಸಿಯಿತು.

ಲೋಕದಲ್ಲಿರುವ ನಾಲ್ಕು ಜಾತಿಗಳಲ್ಲಿ ಎರಡು ಭಾರತದವು. ಒಡಿಶಾದ ಬಾಲೇಶ್ವರ ತೀರ ಹಾಗೂ ಬಂಗಾಳದ ಸುಂದರಬನ ಅವುಗಳ ತೌರು. ಭರತದ ವೇಳೆ ಗಂಡುಹೆಣ್ಣುಗಳು ಜೋಡಿಯಾಗಿ ಮರಳಿಗೆ ಬಂದು ಮೊಟ್ಟೆಯಿಡುತ್ತವೆ. ವನ್ಯಜೀವಿ ಸಂರಕ್ಷಣಾ ಕಾಯಿದೆಯ ಶ್ರೀರಕ್ಷೆ ಅವಕ್ಕಿದೆ. ಬಲೆಗೆ ಸಿಕ್ಕವನ್ನು ಬಿಡಿಸದೆ ದಡದಲ್ಲಿ ಎಸೆದುಹೋಗುವ ಅಭ್ಯಾಸಕ್ಕೆ ಕಾಯಿದೆಯೊಂದೇ ಮದ್ದಾಗದು.

ಏಡಿಯನ್ನು ಬಿಟ್ಟರೆ ರೋಗಿಗೆ ಅಪಾಯ, ರೋಗಿಯನ್ನು ಕಾಯಬೇಕಾದರೆ ಏಡಿಗೆ ಸೂಜಿ ಎಂಬ ಇಕ್ಕಟ್ಟು ಈಗ ಮೊದಲಿನಂತಿಲ್ಲ. ಸಿಂಗಪುರದ ವಿಶ್ವವಿದ್ಯಾನಿಲಯದಲ್ಲಿ ಡಿಂಗ್ ಜೀಕ್ ಲಿಂಗ್ ಮತ್ತು ಹೋ ಬೋ ಎಂಬ ದಂಪತಿಗಳು ನಂಜನ್ನು ಗುರುತಿಸುವ ‘ಫ್ಯಾಕ್ಟರ್ ಸಿ’ ಎಂಬ ಪ್ರೋಟೀನನ್ನು ಏಡಿಯ ರಕ್ತವಿಲ್ಲದೆ, ಬೇರೆ ಜೀವಕೋಶಗಳಲ್ಲಿ ತಯಾರಿಸುವ ವಿಧಾನವನ್ನು 1990ರ ದಶಕದಲ್ಲಿಯೇ ಸಾಧಿಸಿದರು. ಯೂರೋಪಿನ ಔಷಧ ಸಂಹಿತೆ ಅದನ್ನು 2021ರಿಂದ ಮಾನ್ಯಮಾಡಿತು. ಅಮೆರಿಕದ ಸಂಹಿತೆಯಲ್ಲಿ ಅದು 2025ರ ಮೇ ತಿಂಗಳಿಂದ ಜಾರಿಗೆ ಬಂದಿತು. ಹಳೆಯ ಪರೀಕ್ಷೆಗೆ ಒಗ್ಗಿಹೋದ ಕಾರ್ಖಾನೆಗಳು ಬದಲಾಗಲು ಮೀನಮೇಷ ಎಣಿಸುತ್ತಿವೆ. ವಿಧಾನ ಕೈಗೆ ಬಂದು ಮೂರು ದಶಕಗಳು ಸಂದ ಮೇಲೂ ಇಷ್ಟು ಎಣಿಕೆ ಹೆಚ್ಚಾಯಿತು. ಆ ದಂಪತಿಗಳ ಪ್ರೋಟೀನಿಗೆ ಮೂಲವನ್ನು ಒದಗಿಸಿದ್ದು ಕಾಂಡ್ಲಾ ಕಾಡಿನ ಕೆಸರಿನಲ್ಲಿ ಬಾಳುವ ಜಾತಿ; ಸುಂದರಬನದಲ್ಲಿರುವುದೂ ಅದೇ.