ಸುಗ್ಗಿಯ ಒಲೆ ಮನೆಯಿಂದ ದೂರವಿರಲಿ



ಮುಂಗಾರು ಹಿಂದೆ ಸರಿದು ಆಶ್ವಯುಜ, ಕಾರ್ತಿಕ ಮಾಸಗಳು ಬಂದವೆಂದರೆ ನಮ್ಮ ಅಂಗಳಗಳು ತುಂಬುತ್ತವೆ. ಅಡಿಕೆಗೊನೆ ಇಳಿಯುತ್ತದೆ, ಗೋವಿನಜೋಳದ ರಾಶಿ ಬೀಳುತ್ತದೆ, ಹುಲ್ಲು ಬಣವೆಯಾಗುತ್ತದೆ. ಮಲೆನಾಡಿನ ಸದಸ್ಯರಿಗೆ ಕಾಫಿ ಕೊಯ್ಲೂ ಹತ್ತಿರ ಬರುತ್ತದೆ. ಇದೇ ಹೊತ್ತಿಗೆ ಅಡಿಕೆ ಬೇಯಿಸುವ ಒಲೆ ಉರಿಯುತ್ತದೆ, ದೀಪಾವಳಿಯ ಹಣತೆ ಬೆಳಗುತ್ತದೆ, ಪಟಾಕಿ ಸಿಡಿಯುತ್ತದೆ. ವರ್ಷದ ದುಡಿಮೆಯೂ ಅದನ್ನು ಸುಡಬಲ್ಲ ಕಿಡಿಯೂ ಒಂದೇ ಅಂಗಳದಲ್ಲಿ ಕೂಡುವ ಕಾಲವಿದು.

ಎಲ್ಲವನ್ನೂ ಮನೆಯ ಮಗ್ಗುಲಲ್ಲೇ ಇಟ್ಟುಕೊಳ್ಳುವುದೇಕೆ ಎಂದು ಕೇಳಿದರೆ, ಕಳ್ಳರ ಭಯ ಎನ್ನುತ್ತಾರೆ. ಭಯ ಸುಳ್ಳಲ್ಲ. ಆದರೆ ಕಳ್ಳ ಬಂದರೆ ಅಡಿಕೆ ಹೋದೀತು, ಮನೆ ಉಳಿದೀತು. ಬೆಂಕಿ ಬಿದ್ದರೆ ಅಡಿಕೆ, ಮನೆ, ದನಕರು ಎಲ್ಲವೂ ಹೋದಾವು. ಒಣಗಿದ ಅಡಿಕೆ ಮನೆಯಲ್ಲಿರಲಿ, ತಪ್ಪಿಲ್ಲ. ಒಲೆಯನ್ನೂ ಬಣವೆಯನ್ನೂ ಕದಿಯುವವರು ಯಾರು? ದೂರ ಹೋಗಬೇಕಾದವು ಅವೆರಡು.

ಇಲ್ಲಿ ಗಾಳಿಯ ವಿಚಾರ ಮುಖ್ಯ. ಮಳೆಗಾಲದಲ್ಲಿ ಪಡುವಣ ಗಾಳಿ ಬೀಸುತ್ತದೆ. ದೀಪಾವಳಿಯ ನಂತರ ಮೂಡಣ ಗಾಳಿ ಏಳುತ್ತದೆ. ಮಳೆಗಾಲದ ಗಾಳಿ ನೋಡಿಕೊಂಡು ಮನೆಯ ಮೂಡಣಕ್ಕೆ ಒಲೆ ಹೂಡಿದವರ ಮನೆಯತ್ತಲೇ ಸುಗ್ಗಿಯಲ್ಲಿ ಕಿಡಿ ಹಾರುತ್ತದೆ. ಆದ್ದರಿಂದ ಅಡಿಕೆ ಒಲೆ ಮನೆಗೂ ಬಣವೆಗೂ ಪಡುವಣದಲ್ಲಿರಲಿ. ನಡುವೆ ಕನಿಷ್ಠ 50 ಅಡಿ ಬಯಲಿರಬೇಕೆಂಬುದು ನನ್ನ ಅಭಿಪ್ರಾಯ. ಜಾಗ ಕಿರಿದಾದವರು ಒಲೆಯ ಸುತ್ತ ತಗಡಿನ ಮರೆಯನ್ನಾದರೂ ಕಟ್ಟಿಕೊಳ್ಳಬೇಕು. ಒಲೆಯ ಮೇಲೆ ಸೋಗೆಯ ಚಪ್ಪರ ಸಲ್ಲದು.

ರಾತ್ರಿ ಕೆಲಸ ಮುಗಿದ ಮೇಲೆ ಬೂದಿಯನ್ನು ಸಿಪ್ಪೆಯ ರಾಶಿಗೆ ಸುರಿಯಬಾರದು. ಬೂದಿಯೊಳಗಿನ ಕೆಂಡ ಬೆಳಗಿನವರೆಗೂ ಜೀವ ಹಿಡಿದಿರುತ್ತದೆ. ಅಡಿಕೆ ಸಿಪ್ಪೆ ಹೊಗೆಯಾಡುತ್ತಲೇ ಒಳಗೊಳಗೆ ಸುಟ್ಟು, ಗಾಳಿ ಬಂದಾಗ ಉರಿಯಾಗುತ್ತದೆ. ನೀರು ಹೊಯ್ದು ಕೆದಕಿ ಆರಿಸಿಯೇ ಮಲಗಬೇಕು. ಹಸಿ ಹುಲ್ಲನ್ನು ಬಣವೆ ಒಟ್ಟಿದರೂ ಅಪಾಯ. ಅದು ಒಳಗೆ ಕೊಳೆತು ಕಾವೇರಿ, ಕಡ್ಡಿ ಗೀರದೆಯೇ ಹೊತ್ತಿಕೊಳ್ಳುವುದುಂಟು. ಬಣವೆಯೊಳಗೆ ಕೈಯಿಟ್ಟರೆ ಬಿಸಿ ಹತ್ತಿದರೆ ನಿರ್ಲಕ್ಷಿಸಬೇಡಿ.

ಇನ್ನು ವಿದ್ಯುತ್ತು. ಅಡಿಕೆ ಸುಲಿಯುವ ಯಂತ್ರಕ್ಕೆಂದು ಅಂಗಳದುದ್ದಕ್ಕೂ ತೇಪೆ ಹಚ್ಚಿದ ವೈರು ಎಳೆಯುವುದು, ಫ್ಯೂಸು ಹೋದಾಗಲೆಲ್ಲ ದಪ್ಪ ತಂತಿ ಸುತ್ತುವುದು ನಮ್ಮಲ್ಲಿ ರೂಢಿಯಾಗಿದೆ. ಫ್ಯೂಸು ಸುಟ್ಟರೆ ಮನೆ ಉಳಿಯಲೆಂದೇ ಅದನ್ನು ಇಟ್ಟಿರುವುದು. ದಪ್ಪ ತಂತಿ ಹಾಕಿದರೆ ಮೊದಲು ಸುಡುವುದು ಮನೆಯ ವೈರು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಡುತ್ತದೆ. ವಾಸನೆ ಬಂದಾಗ ಸ್ವಿಚ್ಚು ಮುಟ್ಟದೆ ಬಾಗಿಲು ತೆರೆದು, ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ, 1906ಕ್ಕೆ ಫೋನ್ ಮಾಡಿರಿ. ಕೊಯ್ಲಿಗೆ ಬಂದ ಕೂಲಿಕಾರರ ಗುಡಿಸಲು, ಲೈನು ಮನೆಗಳ ಒಲೆಯನ್ನು ನೋಡುವ ಹೊಣೆಯೂ ತೋಟದ ಯಜಮಾನನದೇ.

ಪಟಾಕಿಯ ವಿಷಯದಲ್ಲಿ ನಮ್ಮ ಜಿಲ್ಲೆಗೆ ಯಾರೂ ಪಾಠ ಹೇಳಬೇಕಿಲ್ಲ. 2023ರ ಆಗಸ್ಟ್‌ನಲ್ಲಿ ಹಾವೇರಿ ಬಳಿಯ ಆಲದಕಟ್ಟಿಯ ಪಟಾಕಿ ಗೋದಾಮು ಹೊತ್ತಿ ಕೆಲಸಗಾರರು ಸತ್ತರು. ಅದೇ ವರ್ಷ ಅಕ್ಟೋಬರ್ 7ರಂದು ಅತ್ತಿಬೆಲೆಯಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಪಟಾಕಿ ಅಂಗಡಿಯ ಬೆಂಕಿಗೆ ಬಲಿಯಾದರು. ಹುಲ್ಲು, ಅಡಿಕೆ ತುಂಬಿದ ಮನೆಯೂ ಒಂದು ಗೋದಾಮೇ. ಮಕ್ಕಳು ಪಟಾಕಿ ಹಚ್ಚುವುದಿದ್ದರೆ ಊರ ಬಯಲಿನಲ್ಲಿ, ಹಿರಿಯರ ಎದುರಿನಲ್ಲಿ ಹಚ್ಚಲಿ.

ವಿಮೆ ಇದೆಯಲ್ಲ ಎಂದು ಕೆಲವರು ಹೇಳಬಹುದು. ಅಡಿಕೆಗಿರುವ ಹವಾಮಾನ ಆಧಾರಿತ ಬೆಳೆ ವಿಮೆ ಮಳೆ, ಉಷ್ಣತೆಗಳ ಏರುಪೇರನ್ನು ಅಳೆದು ಕೊಡುವಂಥದು. ಮನೆಯಲ್ಲಿ ಸುಟ್ಟ ಚೀಲಕ್ಕೆ ಅದರಿಂದ ಬಿಡಿಗಾಸೂ ಬಾರದು. ಮನೆಗೂ ದಾಸ್ತಾನಿಗೂ ಬೇರೆಯೇ ಅಗ್ನಿ ವಿಮೆ ಮಾಡಿಸಬೇಕು.

ಆದಕಾರಣ ನನ್ನದೊಂದು ಸಲಹೆ: ಅಡಿಕೆ ಒಲೆ, ಕಣ, ಗೋದಾಮುಗಳಿಗೆ ಸಂಘ ಸಾಲ ಕೊಡುವಾಗ ಮನೆಗೂ ಒಲೆಗೂ ಇರುವ ಅಂತರವನ್ನು ಸ್ಥಳದಲ್ಲೇ ನೋಡಿ ಮಂಜೂರು ಮಾಡಬೇಕು. ಇದು ಕಿರುಕುಳವೆಂದು ಕೆಲವರಿಗೆ ಅನಿಸೀತು. ಆದರೆ ಸುಟ್ಟ ಮನೆಯಿಂದ ಸಾಲ ವಸೂಲು ಮಾಡುವುದಕ್ಕಿಂತ ದೊಡ್ಡ ಕಿರುಕುಳ ಸದಸ್ಯನಿಗೂ ಇಲ್ಲ, ಸಂಘಕ್ಕೂ ಇಲ್ಲ.

ಅಗ್ನಿಶಾಮಕ ದಳದ ಸಂಖ್ಯೆ 101 ಗೋಡೆಯ ಮೇಲಿರಲಿ. ಆದರೆ ತಾಲೂಕು ಊರಿನಿಂದ ವಾಹನ ಬರುವಷ್ಟರಲ್ಲಿ ಬಣವೆ ಬೂದಿಯಾಗಿರುತ್ತದೆ. ಬೆಂಕಿ ಬಿದ್ದಾಗ ಬಾವಿ ತೋಡುವುದು ಬೇಡ. ಈ ವಾರವೇ ಅಂಗಳಕ್ಕೆ ಒಂದು ಸುತ್ತು ಹಾಕಿ, ಒಲೆಯ ಜಾಗ ನೋಡಿಕೊಳ್ಳಿರಿ.